ನಿರ್ವಹಣೆಯಲ್ಲಿ ನಿಯಂತ್ರಣ: ಬೆಂಗಳೂರಿನ ಸಣ್ಣ, ಮಧ್ಯಮ ಉದ್ಯಮಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಪೀಣ್ಯದ ಮಷಿನ್ ಶಾಪ್ ಇರಲಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಇರಲಿ, ಬಡಾವಣೆಯ ದರ್ಶಿನಿ ಇರಲಿ, ನಿಯಂತ್ರಣದ ಮಾತು ಬಂದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉದಾಹರಣೆಗಳ ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಎಂದು ಇಟ್ಟುಕೊಂಡಿದ್ದೇವೆ. ನಿಮ್ಮ ಘಟಕದ ಅಂಕಿಯನ್ನು ನೀವೇ ಅಳೆದು ಹಾಕಿಕೊಳ್ಳಬೇಕು.

ನಿಯಂತ್ರಣ ಅಂದರೆ ಸರಿಯಾಗಿ ಏನು? ಕೆಲಸಗಾರರ ಮೇಲೆ ಕಣ್ಣಿಡುವುದೇ?

ಅಲ್ಲ. ಇಂತಿಷ್ಟು ಆಗಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳುವುದು, ಆದದ್ದೆಷ್ಟು ಎಂದು ಅಳೆಯುವುದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು, ವ್ಯತ್ಯಾಸ ಬಂದ ಕಡೆ ಕಾರಣ ಹುಡುಕಿ ತಿದ್ದುವುದು. ಮಾನದಂಡ, ಅಳತೆ, ಹೋಲಿಕೆ, ತಿದ್ದುಪಡಿ. ಕೊನೆಯ ಕೊಂಡಿ ಕಳಚಿದರೆ ಉಳಿಯುವುದು ಬರೀ ದಾಖಲೆ. ಬಹಳ ಕಡೆ ಆಗುವುದೂ ಇದೇ: ಶಿಫ್ಟ್ ರಿಜಿಸ್ಟರ್ ತುಂಬಿರುತ್ತದೆ, ರಿಜೆಕ್ಷನ್ (ಕೆಟ್ಟು ಪಕ್ಕಕ್ಕಿಟ್ಟ ಪೀಸ್) ಬರೆದಿರುತ್ತದೆ, ಕೆಳಗೆ ಸೂಪರ್‌ವೈಸರ್ ಸಹಿಯೂ ಇರುತ್ತದೆ. ಆ ಅಂಕಿ ನೋಡಿ ಯಾರಾದರೂ ಏನಾದರೂ ಮಾಡಿದ ಗುರುತು ಮಾತ್ರ ಇರುವುದಿಲ್ಲ.

ಪರೀಕ್ಷೆಗೆ ಓದುವವರಿಗೆ ಒಂದು ಮಾತು. ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲಿ ನಿರ್ವಹಣೆಯ ಕೆಲಸಗಳನ್ನು ಐದಾಗಿ ವಿಂಗಡಿಸಿದಾಗ ಕೊನೆಗೆ ಬಂದದ್ದು ನಿಯಂತ್ರಣ. ನಮ್ಮ ಪಿಯುಸಿ ವ್ಯವಹಾರ ಅಧ್ಯಯನದಲ್ಲೂ ಅದು ಕೊನೆಗೇ ಬರುತ್ತದೆ. ಹಾಗೆಂದು ವರ್ಷದ ಕೊನೆಯಲ್ಲಿ ಮಾಡುವ ಕೆಲಸ ಎಂದುಕೊಳ್ಳಬೇಡಿ. ಇವತ್ತು ಅಳೆದದ್ದು ನಾಳಿನ ಯೋಜನೆಯೊಳಕ್ಕೆ ಹೋಗಬೇಕು.

ನಮ್ಮಲ್ಲಿ ಪ್ರತಿ ವರ್ಷ ಆಡಿಟ್ ಆಗುತ್ತದೆ. ಅಷ್ಟು ಸಾಲದೇ?

ಸಾಲದು. ಆಡಿಟರ್ ನೋಡುವುದು ಮುಗಿದುಹೋದ ವರ್ಷದ ಲೆಕ್ಕ. ಜೂನ್‌ನಲ್ಲಿ ಹಾಳಾದ ಸಾಮಾನು ಮುಂದಿನ ಸೆಪ್ಟೆಂಬರ್‌ನಲ್ಲಿ ಗೊತ್ತಾದರೆ ಅದನ್ನು ಖರ್ಚು ಬರೆಯಬಹುದೇ ಹೊರತು ಉಳಿಸಿಕೊಳ್ಳಲಾಗದು.

ಪುಸ್ತಕದಲ್ಲಿ ಮೂರು ಬಗೆಯ ನಿಯಂತ್ರಣ ಅಂತಿದೆ. ವ್ಯತ್ಯಾಸ ಏನು?

ಮನೆಯ ಸಂಪು, ಓವರ್‌ಹೆಡ್ ಟ್ಯಾಂಕು ನೆನಪು ಮಾಡಿಕೊಳ್ಳಿ. ಮೋಟಾರ್ ಹಾಕುವ ಮೊದಲು ಸಂಪಿನ ಮುಚ್ಚಳ ತೆಗೆದು ನೀರಿದೆಯೇ ಎಂದು ನೋಡುವುದು ಮುಂಚಿತ ನಿಯಂತ್ರಣ. ಮೋಟಾರ್ ಓಡುತ್ತಿರುವಾಗಲೇ ನೀರಿನ ಮಟ್ಟ ನೋಡಿ ತಾನಾಗಿ ಆಫ್ ಮಾಡುವ ಸಾಧನ ಏಕಕಾಲದ ನಿಯಂತ್ರಣ. ಟ್ಯಾಂಕು ತುಂಬಿ ನೀರು ರಸ್ತೆಗೆ ಹರಿದು, ಎದುರು ಮನೆಯವರು ಕೂಗಿದ ಮೇಲೆ ಓಡಿಹೋಗಿ ಸ್ವಿಚ್ ಆರಿಸುವುದು ಆದ ಮೇಲಿನ ನಿಯಂತ್ರಣ.

ಕಾರ್ಖಾನೆಗೆ ಬಂದರೆ, ಒಳಬಂದ ರಾಡ್‌ನ ಗ್ರೇಡ್ ಸರ್ಟಿಫಿಕೇಟ್ ನೋಡುವುದು, ಸಪ್ಲೈಯರ್ ಆರ್ಡರ್ ಒಪ್ಪುವ ಮೊದಲೇ ದರ ಖಚಿತಪಡಿಸಿಕೊಳ್ಳುವುದು ಮೊದಲನೆಯ ಬಗೆ. ಗಂಟೆಗೊಮ್ಮೆ ಮೈಕ್ರೋಮೀಟರ್ ಹಿಡಿದು ಅಳೆಯುವುದು ಎರಡನೆಯದು. ತಿಂಗಳ ಲಾಭ ನಷ್ಟದ ಪಟ್ಟಿ ಮೂರನೆಯದು. ಸಣ್ಣ ಉದ್ಯಮಗಳು ಮೂರನೆಯದರಲ್ಲೇ ಮುಳುಗಿರುತ್ತವೆ. ಅಗ್ಗವಾಗಿ ಆಗುವುದು ಮೊದಲನೆಯದು.

ಎಷ್ಟು ವಿಷಯ ಅಳೆಯಬೇಕು? ಎಲ್ಲಿಂದ ಶುರು ಮಾಡುವುದು?

ಆರೋ ಏಳೋ ಸಾಕು. ನಲವತ್ತು ಜನರ ಮಷಿನ್ ಶಾಪ್‌ಗೆ ನಾವು ಸಾಮಾನ್ಯವಾಗಿ ಹೇಳುವುದು ಇವನ್ನು: ಒಪ್ಪಿದ ದಿನಕ್ಕೆ ಹೋದ ಡಿಸ್‌ಪ್ಯಾಚ್ ಎಷ್ಟು, ರಿಜೆಕ್ಷನ್ ಶೇಕಡಾ ಎಷ್ಟು, ಮಷಿನ್ ನಿಂತ ಗಂಟೆ, ಒಳ್ಳೆಯ ಪೀಸಿಗೆ ತಗುಲಿದ ಕಚ್ಚಾ ಸಾಮಾನು, ಓವರ್‌ಟೈಮ್, ಗಿರಾಕಿಗಳಿಂದ ಬರಬೇಕಾದ ಹಳೇ ಬಾಕಿ, ಮುಂದಿನ ಎಂಟು ವಾರದ ನಗದು. ಇಷ್ಟರಲ್ಲಿ ಯಾವುದು ಕೆಟ್ಟರೂ ಉಳಿದದ್ದಕ್ಕೆ ಏಟು ಬೀಳುತ್ತದೆ.

ಪ್ರತಿಯೊಂದಕ್ಕೂ ಒಂದು ಹಾಳೆಯಲ್ಲಿ ಐದು ವಿಷಯ ಬರೆಯಿರಿ: ಮಾನದಂಡ ಎಷ್ಟು, ಯಾರು ಅಳೆಯುತ್ತಾರೆ, ಯಾವಾಗ, ಎಷ್ಟು ವ್ಯತ್ಯಾಸ ಬಂದರೆ ಮೇಲಿನವರಿಗೆ ತಿಳಿಸಬೇಕು, ತಿಳಿದವರು ಏನು ಮಾಡಬಹುದು. ಐದನೆಯದನ್ನು ಯಾರೂ ಬರೆಯುವುದಿಲ್ಲ. ರಿಜೆಕ್ಷನ್ ಶೇ. 4 ದಾಟಿದರೆ ಮಷಿನ್ ನಿಲ್ಲಿಸುವ ಅಧಿಕಾರ ರಾತ್ರಿ ಶಿಫ್ಟ್ ಸೂಪರ್‌ವೈಸರ್‌ಗೆ ಇದೆಯೋ ಇಲ್ಲವೋ? ಇಲ್ಲದಿದ್ದರೆ ಆತ ಬೆಳಗಿನವರೆಗೆ ರಿಜೆಕ್ಷನ್ ಎಣಿಸುತ್ತಾ ಕೂರುತ್ತಾನೆ, ಅಷ್ಟೇ.

ಮಾನದಂಡ ಹೇಗೆ ನಿಗದಿ ಮಾಡುವುದು? ಹೋದ ವರ್ಷದ ಅಂಕಿ ಹಾಕಿಕೊಂಡರೆ ಆಗದೇ?

ಹೋದ ವರ್ಷದ ಅಂಕಿಯೊಳಗೆ ಹೋದ ವರ್ಷದ ಪೋಲೂ ಸೇರಿರುತ್ತದೆ. ಸಾಧ್ಯವಿದ್ದ ಕಡೆಯೆಲ್ಲಾ ನಿಂತು ಅಳೆಯಿರಿ. ದರ್ಶಿನಿಯ ಕಾಫಿಯನ್ನೇ ತೆಗೆದುಕೊಳ್ಳೋಣ. ಒಂದು ಕೆಜಿ ಪುಡಿಗೆ ಎಷ್ಟು ಕಾಫಿ ಬರಬೇಕು?

ಮೂರು ದಿನ ಬೆಳಿಗ್ಗೆ ಫಿಲ್ಟರಿಗೆ ಹಾಕುವ ಪುಡಿಯನ್ನು ತೂಗಿ. ಇಳಿದ ಡಿಕಾಕ್ಷನ್ನನ್ನು ಲೀಟರಿನಲ್ಲಿ ಅಳೆಯಿರಿ, ಹಾಲನ್ನೂ ಅಳೆಯಿರಿ. ರಾತ್ರಿ ಉಳಿದದ್ದನ್ನು ಕಳೆಯಿರಿ. ಬಿಲ್ಲಿಂಗ್ ಮಷಿನ್ನಿನಿಂದ ಟೋಕನ್ ಲೆಕ್ಕ ತೆಗೆಯಿರಿ, ಹುಡುಗರು ಕುಡಿದ ಕಾಫಿಯನ್ನು ಬೇರೆ ಬರೆಯಿರಿ. ಮೂರು ದಿನದ ಅಂಕಿ ಹತ್ತಿರ ಹತ್ತಿರ ಇದ್ದರೆ ಮಾನದಂಡ ಸಿಕ್ಕಿತು.

ಹತ್ತಿರ ಇಲ್ಲದಿದ್ದರೆ ಮೊದಲು ಬೈಟು ನೋಡಿ. ಒಂದು ಟೋಕನ್, ಎರಡು ಲೋಟ. ಕೈ ಧಾರಾಳವಾಗಿದ್ದರೆ ಪ್ರತಿ ಲೋಟಕ್ಕೂ ಅರ್ಧದ ಬದಲು ಮುಕ್ಕಾಲು ಬೀಳುತ್ತದೆ, ಅಂದರೆ ಒಂದು ಟೋಕನ್ನಿಗೆ ಒಂದೂವರೆ ಕಾಫಿಯ ಸಾಮಾನು. ದಿನಕ್ಕೆ 600 ಟೋಕನ್, ಅದರಲ್ಲಿ 200 ಬೈಟು ಎಂದಿಟ್ಟುಕೊಳ್ಳಿ. 400 ಪೂರ್ತಿ, 200 ಒಂದೂವರೆ. ಖರ್ಚಾದದ್ದು 700 ಕಾಫಿಯ ಹಾಲು, ಪುಡಿ. ಮಾಲೀಕರಿಗೆ ಕಾಣುವುದು 600. ಮಿಕ್ಕ 100 ಕಳ್ಳತನ ಎಂದು ಅನುಮಾನ ಶುರುವಾಗುತ್ತದೆ, ಹಳೇ ಕಾಫಿ ಮಾಸ್ಟರ್ ಕೆಲಸ ಬಿಟ್ಟು ಹೋಗುತ್ತಾರೆ. ಬೈಟುಗೆ ಬಿಲ್ಲಿಂಗ್‌ನಲ್ಲಿ ಬೇರೆ ಬಟನ್ ಇಟ್ಟು, ಡಿಕಾಕ್ಷನ್ ಹಾಕಲು ಅಳತೆಯ ಸಣ್ಣ ಲೋಟ ಕೊಟ್ಟರೆ ಅಂಕಿ ತಾನಾಗಿ ಕೂಡಿಬರುತ್ತದೆ. ಗಿರಾಕಿಗೆ ಮುಕ್ಕಾಲು ಲೋಟವೇ ಕೊಡಬೇಕು ಎಂದು ನಿಮಗೆ ಅನಿಸಿದರೆ ಕೊಡಿ, ಆದರೆ ಆಗ ಮಾನದಂಡದಲ್ಲೂ ಅದನ್ನೇ ಬರೆಯಿರಿ.

ಬಜೆಟ್ ಮೀರಿತು ಅಂತ ಅಕೌಂಟ್ಸ್‌ನವರು ಹೇಳುತ್ತಾರೆ. ತಪ್ಪು ಯಾರದ್ದು ಎಂದು ತಿಳಿಯುವುದು ಹೇಗೆ?

ಒಟ್ಟು ಮೊತ್ತದ ಮೇಲೆ ಜಗಳವಾಡಬೇಡಿ, ಬಿಡಿಸಿ ನೋಡಿ. 10,000 ಹಿತ್ತಾಳೆ ಬುಷ್ (ಕೊಳವೆಯಾಕಾರದ ಸಣ್ಣ ಬಿಡಿಭಾಗ) ಮಾಡಲು 1,000 ಕೆಜಿ ರಾಡ್, ಕೆಜಿಗೆ 600 ರೂ.ನಂತೆ 6,00,000 ರೂ. ಬಜೆಟ್. ತಿಂಗಳ ಕೊನೆಗೆ ಆದ ಖರ್ಚು 1,080 ಕೆಜಿ, 620 ರೂ. ದರ, ಒಟ್ಟು 6,69,600 ರೂ. ಮೀರಿದ್ದು 69,600 ರೂ. ಈ ಅಂಕಿ ಹಿಡಿದು ಪ್ರೊಡಕ್ಷನ್‌ನವರನ್ನು ಕರೆದು ಬೈದರೆ ಅನ್ಯಾಯ.

ಮೊದಲು ಕೇಳಬೇಕಾದದ್ದು ಎಷ್ಟು ಪೀಸ್ ಆಯಿತು ಎಂದು. 10,500 ಒಳ್ಳೆಯ ಪೀಸ್ ಆಗಿದ್ದರೆ ಅದಕ್ಕೆ 1,050 ಕೆಜಿ ಬೇಕೇ ಬೇಕು. ಹೆಚ್ಚಿನ 50 ಕೆಜಿ, ಅಂದರೆ 30,000 ರೂ., ಜಾಸ್ತಿ ಉತ್ಪಾದನೆಯ ಪಾಲು; ಅದು ತಪ್ಪೇ ಅಲ್ಲ. ಕೆಜಿಗೆ 20 ರೂ. ಏರಿದ್ದು 1,080 ಕೆಜಿ ಮೇಲೆ 21,600 ರೂ.; ಇದಕ್ಕೆ ಪರ್ಚೇಸ್‌ನವರು ಉತ್ತರ ಹೇಳಬೇಕು, ಇಲ್ಲವೇ ಮಾರುಕಟ್ಟೆ. ಉಳಿದದ್ದು 30 ಕೆಜಿ, 600 ರೂ. ದರದಲ್ಲಿ 18,000 ರೂ. ಶಾಪ್ ಫ್ಲೋರ್ ಹೊಣೆ ಇಷ್ಟಕ್ಕೆ ಮಾತ್ರ. ಮೂರನ್ನೂ ಕೂಡಿ, 69,600 ಬರುತ್ತದೆ.

ಉತ್ಪಾದನೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ಬಜೆಟ್ ಇಲ್ಲದಿದ್ದರೆ ಹೆಚ್ಚು ಕೆಲಸ ಮಾಡಿದವರೇ ಪ್ರತಿ ತಿಂಗಳು ತಪ್ಪಿತಸ್ಥರಾಗಿ ಕಾಣುತ್ತಾರೆ. ಹಿತ್ತಾಳೆಯಲ್ಲಿ ಇನ್ನೊಂದು ಮಾತು: ಲೇತ್‌ನಡಿ ಬೀಳುವ ತುರಿಗೆ ಒಳ್ಳೆಯ ಬೆಲೆಯಿದೆ. ತುರಿಯನ್ನು ದಿನಾ ತೂಗಿ, ಬೀಗ ಹಾಕಿಟ್ಟು, ಮಾರಿದ ದುಡ್ಡನ್ನು ಅದೇ ಸಾಮಾನಿನ ಲೆಕ್ಕಕ್ಕೆ ಜಮಾ ಮಾಡದಿದ್ದರೆ ಮೇಲಿನ ಲೆಕ್ಕವೆಲ್ಲಾ ವ್ಯರ್ಥ.

ಕಾರಣ ಹುಡುಕಿ ಅಂತೀರಿ. ಹುಡುಕುವುದು ಹೇಗೆ?

ಅಂಕಿಯನ್ನು ಒಡೆಯುತ್ತಾ ಹೋಗಿ. ರಿಜೆಕ್ಷನ್ ಶೇ. 2 ಇದ್ದದ್ದು 5 ಆಯಿತು ಎನ್ನಿ. ಪಾರ್ಟ್ ಪ್ರಕಾರ ಒಡೆದರೆ ಒಂದೇ ಪಾರ್ಟ್‌ನಲ್ಲಿ ಹೆಚ್ಚು. ಮಷಿನ್ ಪ್ರಕಾರ ಒಡೆದರೆ ಎರಡು ಸಿಎನ್‌ಸಿಗಳಲ್ಲಿ (ಕಂಪ್ಯೂಟರ್ ನಡೆಸುವ ಮಷಿನ್‌ಗಳಲ್ಲಿ). ಗಂಟೆ ಪ್ರಕಾರ ಒಡೆದಾಗ ಬೆಳಿಗ್ಗೆ 6ರಿಂದ 9ರ ನಡುವೆ ರಾಶಿಬಿದ್ದಿದೆ. ಈಗ ಹೋಗಿ ನಿಂತು ನೋಡಿ. ಶಿಫ್ಟ್ ಶುರುವಾಗುವುದು 6ಕ್ಕೆ, ಇನ್‌ಸ್ಪೆಕ್ಟರ್ ಬರುವುದು 9ಕ್ಕೆ. ಮೊದಲ ಪೀಸಿಗೆ ಅಪ್ರೂವಲ್ ಕೊಡುವವರಿಲ್ಲ, ಕಾಯುತ್ತಾ ಕೂತರೆ ಟಾರ್ಗೆಟ್ ತಪ್ಪುತ್ತದೆ, ಮಷಿನ್ ಹೊಂದಿಸುವ ಸೆಟ್ಟರ್ ಓಡಿಸಿಬಿಡುತ್ತಾನೆ. ಮದ್ದು ಸುಲಭ: ರಾತ್ರಿ ಶಿಫ್ಟಿನ ಕೊನೆಯ ಪೀಸ್ ಅಳೆದು ಟ್ಯಾಗ್ ಹಾಕಿ ಮಷಿನ್ ಮೇಲೆ ಇಡುವುದು, ಆರು ಗಂಟೆಯ ಶಿಫ್ಟ್‌ನಲ್ಲಿ ಇಬ್ಬರಿಗೆ ಗೇಜ್ ಬಳಕೆ ಕಲಿಸಿ ಅಪ್ರೂವಲ್ ಅಧಿಕಾರ ಕೊಡುವುದು. ಆಪರೇಟರ್‌ಗೆ ಮೆಮೋ ಕೊಟ್ಟಿದ್ದರೆ ಏನೂ ಬದಲಾಗುತ್ತಿರಲಿಲ್ಲ.

ಹುಡುಕುವಾಗ ಈ ಕ್ರಮದಲ್ಲಿ ಕೇಳಿ: ಮಾನದಂಡವೇ ತಪ್ಪೇ? ಅಳತೆ ತಪ್ಪೇ (ಅಳತೆಯ ಗೇಜ್ ಸರಿಯಿದೆಯೇ ಎಂದು ಪರೀಕ್ಷಿಸಿದ, ಅಂದರೆ ಕ್ಯಾಲಿಬ್ರೇಷನ್ ತಾರೀಖು ನೋಡಿ)? ಸಾಮಾನು, ಉಪಕರಣ, ಸಮಯ ಕೊಟ್ಟಿದ್ದೇವೆಯೇ? ಕೆಲಸ ಕಲಿಸಿದ್ದೇವೆಯೇ? ವ್ಯಕ್ತಿಯ ಅಸಡ್ಡೆ ಕೊನೆಯ ಪ್ರಶ್ನೆ.

ಅಂಕಿ ಸ್ವಲ್ಪ ಅತ್ತಿತ್ತ ಆದಾಗಲೆಲ್ಲಾ ಕ್ರಮ ತೆಗೆದುಕೊಳ್ಳಬೇಕೇ?

ಬೇಡ. ತೆಗೆದುಕೊಂಡರೆ ಕೆಡುತ್ತದೆ. ಯಾವ ಕೆಲಸವೂ ಎರಡು ಸಲ ತದ್ರೂಪು ಆಗುವುದಿಲ್ಲ. ಸಹಜವಾದ ಏರಿಳಿತ ಯಾವುದು, ಏನೋ ಕೆಟ್ಟದ್ದರಿಂದ ಬಂದದ್ದು ಯಾವುದು ಎಂದು ಬೇರ್ಪಡಿಸಲು ವಾಲ್ಟರ್ ಶೂಹಾರ್ಟ್ ಎಂಬ ಅಮೆರಿಕದ ಎಂಜಿನಿಯರ್ 1924ರಲ್ಲಿ ಕಂಟ್ರೋಲ್ ಚಾರ್ಟ್ ರೂಪಿಸಿದರು. ಒಂದು ಶತಮಾನ ಕಳೆದರೂ ಅದಕ್ಕಿಂತ ಅಗ್ಗದ, ಒಳ್ಳೆಯ ಉಪಕರಣ ಬಂದಿಲ್ಲ.

ಮಾಡುವ ವಿಧಾನ: ಗಂಟೆಗೊಮ್ಮೆ ಸತತ 5 ಪೀಸ್ ಅಳೆಯಿರಿ. ಸರಾಸರಿ ತೆಗೆಯಿರಿ, ಅತಿ ದೊಡ್ಡದರಿಂದ ಅತಿ ಚಿಕ್ಕದನ್ನು ಕಳೆದು ಅಂತರ ಬರೆಯಿರಿ. ಇಂಥ 20ರಿಂದ 25 ಗುಂಪು ಆದ ಮೇಲೆ ಸರಾಸರಿಗಳ ಸರಾಸರಿ, ಅಂತರಗಳ ಸರಾಸರಿ ಕಂಡುಹಿಡಿಯಿರಿ. ಐದರ ಗುಂಪಿಗೆ ಸಿದ್ಧ ಕೋಷ್ಟಕದಲ್ಲಿರುವ ಗುಣಕ ಸರಾಸರಿಯ ಚಾರ್ಟ್‌ಗೆ 0.577, ಅಂತರದ ಚಾರ್ಟ್‌ಗೆ 2.114. ಸರಾಸರಿ 20.000 ಮಿ.ಮೀ., ಅಂತರದ ಸರಾಸರಿ 0.020 ಮಿ.ಮೀ. ಇದ್ದರೆ ಮಿತಿ 0.577 × 0.020, ಅಂದರೆ ಸುಮಾರು 0.012. ಮೇಲಿನ ಗೆರೆ 20.012, ಕೆಳಗಿನದು 19.988. ಅಂತರದ ಚಾರ್ಟ್‌ಗೆ ಮೇಲಿನ ಗೆರೆ 2.114 × 0.020, ಅಂದರೆ 0.042, ಕೆಳಗಿನದು ಸೊನ್ನೆ. ಮುಂದೆ ಪ್ರತಿ ಗುಂಪಿನ ಸರಾಸರಿ, ಅಂತರ ಎರಡನ್ನೂ ಆಯಾ ಚಾರ್ಟಿನಲ್ಲಿ ಚುಕ್ಕೆಯಾಗಿ ಹಾಕಿ. ಚುಕ್ಕೆ ಗೆರೆಯೊಳಗಿದ್ದರೆ ಕೈ ಕಟ್ಟಿ ನಿಲ್ಲಿ. ಹೊರಬಿದ್ದರೆ, ಅಥವಾ ಎಂಟು ಚುಕ್ಕೆ ಸತತವಾಗಿ ಮಧ್ಯದ ಗೆರೆಯ ಒಂದೇ ಬದಿಗೆ ಬಂದರೆ, ನಿಲ್ಲಿಸಿ ನೋಡಿ. ಇನ್‌ಸರ್ಟ್ (ಲೋಹ ಕತ್ತರಿಸುವ ಅಲಗು) ಸವೆದಿರಬಹುದು, ಕ್ಲ್ಯಾಂಪ್ ಸಡಿಲವಾಗಿರಬಹುದು. ಡ್ರಾಯಿಂಗ್‌ನ ಟಾಲರೆನ್ಸ್ (ಅಳತೆ ಎಷ್ಟು ಅತ್ತಿತ್ತ ಆಗಬಹುದು ಎಂಬ ಮಿತಿ) ಗೆರೆಗಳನ್ನು ಈ ಚಾರ್ಟಿನಲ್ಲಿ ಎಳೆಯಬೇಡಿ. ಡ್ರಾಯಿಂಗ್ ಹೇಳುವುದು ಗಿರಾಕಿಗೆ ಬೇಕಾದದ್ದನ್ನು, ಚಾರ್ಟ್ ಹೇಳುವುದು ಮಷಿನ್ನಿನ ಕೈಲಾಗುವುದನ್ನು.

ಹುರುಪಿನ ಆಪರೇಟರ್‌ಗಳು ಒಂದು ಪೀಸ್ ಐದು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ ಐದು ಪಾಲು) ದೊಡ್ಡದಾದರೆ ಕೂಡಲೇ ಐದು ಮೈಕ್ರಾನ್ ಆಫ್‌ಸೆಟ್ ಕೊಟ್ಟು ಮಷಿನ್ ಸೆಟ್ಟಿಂಗ್ ತಿದ್ದುತ್ತಾರೆ, ಮುಂದಿನದು ಚಿಕ್ಕದಾದರೆ ವಾಪಸ್ ತರುತ್ತಾರೆ. ಸ್ಥಿರವಾಗಿ ನಡೆಯುತ್ತಿರುವ ಮಷಿನ್ನನ್ನು ಹೀಗೆ ಪ್ರತಿ ಪೀಸಿಗೂ ತಿದ್ದಿದರೆ ಏರಿಳಿತ ಸುಮಾರು ಶೇ. 40ರಷ್ಟು ಜಾಸ್ತಿಯಾಗುತ್ತದೆ. ಇದು ಗಣಿತ, ಅಭಿಪ್ರಾಯವಲ್ಲ. ವಾರದ ಮಾರಾಟದ ಅಂಕಿ ನೋಡಿ ವಾರವಾರವೂ ಟಾರ್ಗೆಟ್ ಬದಲಿಸುವ ಮ್ಯಾನೇಜರ್ ಮಾಡುವುದೂ ಇದನ್ನೇ.

ಸ್ಟೋರ್ಸ್ ಲೆಕ್ಕ ಯಾವತ್ತೂ ಕೂಡುವುದಿಲ್ಲ. ಏನು ಮಾಡುವುದು?

ವರ್ಷಕ್ಕೊಮ್ಮೆ ಮಾರ್ಚ್ 31ಕ್ಕೆ ಎಲ್ಲವನ್ನೂ ಎಣಿಸುವ ಪದ್ಧತಿ ಬಿಡಿ. ಸಾಮಾನನ್ನು ವಾರ್ಷಿಕ ಬಳಕೆಯ ಬೆಲೆ ಪ್ರಕಾರ ಜೋಡಿಸಿ. ಸುಮಾರು ಐದರಲ್ಲೊಂದು ಪಾಲು ಸಾಮಾನಿನಲ್ಲೇ ಮುಕ್ಕಾಲು ಪಾಲು ದುಡ್ಡು ಕೂತಿರುತ್ತದೆ. ಅದನ್ನು ತಿಂಗಳಿಗೊಮ್ಮೆ, ನಡುವಿನದನ್ನು ಮೂರು ತಿಂಗಳಿಗೊಮ್ಮೆ, ನಟ್ಟು ವಾಷರ್ ಥರದ್ದನ್ನು ವರ್ಷಕ್ಕೊಮ್ಮೆ ಎಣಿಸಿದರೆ ಸಾಕು. ದಿನಕ್ಕೆ ಹತ್ತು ಐಟಂ, ಅರ್ಧ ಗಂಟೆ. ಎಣಿಸುವವರ ಕೈಯಲ್ಲಿ ಪುಸ್ತಕದ ಅಂಕಿ ಇರಬಾರದು. ಇದ್ದರೆ ಅದೇ ಅಂಕಿ ವಾಪಸ್ ಬರುತ್ತದೆ.

ಪೀಣ್ಯ, ಬೊಮ್ಮಸಂದ್ರದ ಕಡೆ ಹೆಚ್ಚಾಗಿ ಕೂಡದಿರುವುದು ಜಾಬ್ ವರ್ಕ್‌ಗೆ, ಅಂದರೆ ಹೊರಗಿನ ಘಟಕದಲ್ಲಿ ಕೆಲಸ ಮಾಡಿಸಲು, ಹೋದ ಸಾಮಾನು. ಪ್ಲೇಟಿಂಗ್‌ಗೆ 500 ಹೋಯಿತು, 480 ಬಂತು, 20 ಮುಂದಿನ ಸಲ ಅಂದರು, ಮುಂದಿನ ಸಲ ಚಲನ್ ಬೇರೆ. ಹೋದ ಚಲನ್ ನಂಬರಿನ ಎದುರಿಗೇ ಬಂದದ್ದನ್ನು ಬರೆಯಿರಿ, 30 ದಿನ ದಾಟಿದ್ದನ್ನು ವಾರಕ್ಕೊಮ್ಮೆ ತೆಗೆಯಿರಿ. ಜಿಎಸ್‌ಟಿ ಕಾನೂನಿನ ಪ್ರಕಾರವೂ ಜಾಬ್ ವರ್ಕ್‌ಗೆ ಕಳಿಸಿದ ಕಚ್ಚಾ ಸಾಮಾನು ಒಂದು ವರ್ಷದೊಳಗೆ, ಯಂತ್ರೋಪಕರಣ ಮೂರು ವರ್ಷದೊಳಗೆ ವಾಪಸ್ ಬರಬೇಕು. ಅವಧಿ ಮೀರಿದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ. ಡೈ, ಜಿಗ್, ಫಿಕ್ಸ್ಚರ್‌ಗಳಿಗೆ ಈ ಮಿತಿ ಇಲ್ಲ, ಆದ್ದರಿಂದಲೇ ಅವು ಎಲ್ಲಿವೆ ಎಂದು ಯಾರಿಗೂ ನೆನಪಿರುವುದಿಲ್ಲ.

ಅಕೌಂಟ್ಸ್‌ನಲ್ಲಿ ಇರುವುದೇ ಇಬ್ಬರು. ಕೆಲಸ ಹಂಚುವುದು ಹೇಗೆ?

ಆರ್ಡರ್ ಹಾಕುವವರು, ಸಾಮಾನು ಇಳಿಸಿಕೊಳ್ಳುವವರು, ದುಡ್ಡು ಕೊಡುವವರು ಒಬ್ಬರೇ ಆಗಬಾರದು. ಇಬ್ಬರೇ ಇದ್ದರೆ ಮೂರನೆಯವರು ಮಾಲೀಕರು. ಬಿಲ್ ಪಾಸ್ ಮಾಡುವ ಮೊದಲು ಪರ್ಚೇಸ್ ಆರ್ಡರ್, ಇನ್‌ವರ್ಡ್ ಚೀಟಿ, ಸಪ್ಲೈಯರ್ ಬಿಲ್ ಮೂರರಲ್ಲೂ ಪ್ರಮಾಣ, ದರ ಒಂದೇ ಇದೆಯೇ ಎಂದು ನೋಡಬೇಕು. ಬ್ಯಾಂಕಿನ ಓಟಿಪಿ ಬರುವ ಮೊಬೈಲನ್ನು ಅಕೌಂಟೆಂಟ್ ಮೇಜಿನ ಮೇಲೆ ಬಿಟ್ಟು ಹೋಗುವ ಮಾಲೀಕರು ಎಲ್ಲಾ ನಿಯಂತ್ರಣವನ್ನೂ ಒಂದೇ ಸಲಕ್ಕೆ ಕೈಬಿಟ್ಟಂತೆ. ಸಪ್ಲೈಯರ್‌ನ ಬ್ಯಾಂಕ್ ಖಾತೆ ಬದಲಾಗಿದೆ ಎಂದು ಮೇಲ್ ಬಂದರೆ ಮೊದಲಿನಿಂದ ನಿಮ್ಮಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಮೇಲ್‌ನಲ್ಲಿರುವ ನಂಬರಿಗೆ ಅಲ್ಲ.

ಗಿರಾಕಿಗಳಿಂದ ದುಡ್ಡು ಬರುವುದೇ ಇಲ್ಲ. ಇದೂ ನಿಯಂತ್ರಣಕ್ಕೆ ಸೇರುತ್ತದೆಯೇ?

ಖಂಡಿತ. ಬಾಕಿಯನ್ನು 30 ದಿನದೊಳಗೆ, 31–45, 46–60, 60 ಮೀರಿದ್ದು ಎಂದು ನಾಲ್ಕು ಕಂಬ ಮಾಡಿ ಪ್ರತಿ ಸೋಮವಾರ ನೋಡಿ. ನಿಮ್ಮದು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಿಕಾ ಘಟಕವಾಗಿದ್ದರೆ ಗಿರಾಕಿ ಎಷ್ಟೇ ಗಡುವು ಬರೆಸಿಕೊಂಡರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು 2006ರ ಎಂಎಸ್‌ಎಂಇ ಕಾಯ್ದೆಯಲ್ಲಿದೆ. ದೊಡ್ಡ ಗಿರಾಕಿಯ ಮೇಲೆ ದೂರು ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ, ನಿಜ. ಆದರೆ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಲು ಧೈರ್ಯ ಬೇಕಿಲ್ಲ. ತಡವಾಗುವ ಬಿಲ್‌ಗಳಲ್ಲಿ ಎಷ್ಟೋ ನಮ್ಮ ಕಡೆಯ ತಪ್ಪಿಗೇ ನಿಂತಿರುತ್ತವೆ: ಪರ್ಚೇಸ್ ಆರ್ಡರ್ ನಂಬರ್ ತಪ್ಪು, ಟೆಸ್ಟ್ ಸರ್ಟಿಫಿಕೇಟ್ ಇಲ್ಲ, ಗೇಟ್‌ನ ಸೀಲ್ ಬಿದ್ದ ಪ್ರತಿ ಡ್ರೈವರ್ ಹತ್ತಿರವೇ ಉಳಿದಿದೆ.

ಜನ ಅಂಕಿ ಮುಚ್ಚಿಡುತ್ತಾರೆ. ಏನು ಮಾಡಲಿ?

ಅಂಕಿಗೆ ಶಿಕ್ಷೆ ಕಟ್ಟಿದರೆ ಅಂಕಿ ಸುಳ್ಳಾಗುತ್ತದೆ. ರಿಜೆಕ್ಷನ್‌ಗೆ ಸಂಬಳ ಕಡಿತ ಎಂದ ಮರುದಿನವೇ ಕೆಟ್ಟ ಪೀಸ್ ತುರಿಯ ಡ್ರಮ್ಮಿಗೆ ಬೀಳುತ್ತದೆ. ಪೀಸ್ ಎಣಿಕೆಗೆ ಇನ್ಸೆಂಟಿವ್ ಕೊಟ್ಟರೆ ಎಣಿಕೆ ಏರುತ್ತದೆ, ಫಿನಿಷ್ ಇಳಿಯುತ್ತದೆ. ಆದ್ದರಿಂದ ಒಂದು ಅಂಕಿಗೆ ಎದುರಂಕಿ ಇರಲಿ: ಎಣಿಕೆಯ ಜೊತೆ ರಿಜೆಕ್ಷನ್, ರಿಜೆಕ್ಷನ್ ಜೊತೆ ತುರಿಯ ತೂಕ. ತಪ್ಪನ್ನು ತಾನಾಗಿ ಹೇಳಿದವರನ್ನು ಎಲ್ಲರೆದುರು ಬೈಯದಿರುವುದೂ ನಿಯಂತ್ರಣ ವ್ಯವಸ್ಥೆಯ ಭಾಗವೇ.

ಸಾಫ್ಟ್‌ವೇರ್ ಹಾಕಿಸಿದರೆ ಸರಿಹೋಗುತ್ತದೆಯೇ?

ಬೇಗ ಕೂಡಿಸುತ್ತದೆ, ಅಷ್ಟೇ. ಇನ್‌ವರ್ಡ್ ಮೂರು ದಿನ ತಡವಾಗಿ ಎಂಟ್ರಿ ಆದರೆ ಸ್ಕ್ರೀನ್ ಮೇಲಿನ ಸ್ಟಾಕ್ ಮೂರು ದಿನ ಸುಳ್ಳು. ಮೊದಲು ಮೂರು ತಿಂಗಳು ಹಾಳೆಯಲ್ಲೋ ಎಕ್ಸೆಲ್‌ನಲ್ಲೋ ನಡೆಸಿ, ಯಾವ ಅಂಕಿ ನಿಜಕ್ಕೂ ಬಳಕೆಗೆ ಬರುತ್ತದೆ ಎಂದು ತಿಳಿದ ಮೇಲೆ ಕೊಳ್ಳಿ.

ಕಾನೂನಿನ ಪ್ರಕಾರ ಏನೇನು ಕಡ್ಡಾಯ?

ಪ್ರೊಪ್ರೈಟರ್, ಪಾರ್ಟ್‌ನರ್‌ಶಿಪ್ ಆಗಿದ್ದರೆ ಕೆಳಗಿನವು ಅನ್ವಯಿಸುವುದಿಲ್ಲ. ಕಂಪನಿಯಾಗಿದ್ದರೆ, ಅಕೌಂಟಿಂಗ್ ಸಾಫ್ಟ್‌ವೇರ್ ಬಳಸುವವರಿಗೆ 2023ರ ಏಪ್ರಿಲ್ 1ರಿಂದ ಪ್ರತಿ ಬದಲಾವಣೆಯ ತಾರೀಖು ಸಹಿತ ದಾಖಲೆ ಉಳಿಸುವ ಸೌಲಭ್ಯ ಚಾಲ್ತಿಯಲ್ಲಿರಬೇಕು, ಅದನ್ನು ಆರಿಸಲು ಬರಬಾರದು. ಪ್ರೈವೇಟ್ ಕಂಪನಿಯ ಹಿಂದಿನ ವರ್ಷದ ವಹಿವಾಟು 200 ಕೋಟಿ ರೂ. ಮುಟ್ಟಿದ್ದರೆ, ಇಲ್ಲವೇ ಬ್ಯಾಂಕ್ ಸಾಲ ಆ ವರ್ಷದಲ್ಲಿ ಯಾವಾಗಲಾದರೂ 100 ಕೋಟಿ ದಾಟಿದ್ದರೆ 2013ರ ಕಂಪನಿ ಕಾಯ್ದೆಯ 138ನೇ ಕಲಮಿನಂತೆ ಆಂತರಿಕ ಲೆಕ್ಕ ಪರಿಶೋಧಕರನ್ನು ನೇಮಿಸಲೇಬೇಕು.

ರಿವ್ಯೂ ಮೀಟಿಂಗ್ ಎಷ್ಟು ಹೊತ್ತು, ಹೇಗೆ?

ದಿನದ್ದು ಬೋರ್ಡ್ ಮುಂದೆ ನಿಂತುಕೊಂಡೇ ಹತ್ತು ನಿಮಿಷ. ವಾರದ್ದು ಅರ್ಧ ಗಂಟೆ, ಮಿತಿ ದಾಟಿದ ಅಂಕಿಗಳು ಮಾತ್ರ. ಸರಿಯಾಗಿರುವುದನ್ನು ಓದಿ ಹೇಳುವುದು ಬೇಡ. ತಿಂಗಳದ್ದು ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ಲೆಕ್ಕ ಶೇ. 95 ಸರಿಯಿದ್ದರೂ ನಡೆಯುತ್ತದೆ. 25ನೇ ತಾರೀಖಿಗೆ ಬರುವ ಪಕ್ಕಾ ಲೆಕ್ಕಕ್ಕಿಂತ ಅದೇ ಮೇಲು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಂಬ ಎಳೆದಿಡಿ: ಏನು ಮಾಡಬೇಕು, ಯಾರು, ಯಾವ ತಾರೀಖಿಗೆ, ಮಾಡಿದ ಮೇಲೆ ಅಂಕಿ ಬದಲಾಯಿತೇ. ಪ್ರತಿ ಮೀಟಿಂಗ್ ಶುರುವಾಗುವುದು ಹಿಂದಿನ ಪುಟದ ನಾಲ್ಕನೇ ಕಂಬ ತುಂಬುವುದರಿಂದ. ಒಂದೇ ವಿಷಯ ಮೂರು ವಾರ ಸತತವಾಗಿ ಖಾಲಿ ಉಳಿದರೆ ಆ ಹೆಸರಿನ ಮುಂದೆ ಮಾಲೀಕರು ತಮ್ಮ ಹೆಸರು ಬರೆದುಕೊಳ್ಳಬೇಕು.